ಎಣ್ಣೆ ಬಟ್ಟಲಿನ ಪಾಳಿ

೧೯೮೮ರ ಫೆಬ್ರುವರಿ. ಕಾಲೇಜಿನ ಗೆಳತಿಯರು ಕೂಡಿಸಿಕೊಟ್ಟ ಮಕ್ಕಳು ಬರೆಯುವ ಹನ್ನೆರಡು ಪಾಟಿಗಳನ್ನು ಚೀಲದಲ್ಲಿಟ್ಟುಕೊಂಡು ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಹೊರಟಿದ್ದೆ. ಮೋಟೆಬೆನ್ನೂರು ದಾಟುತ್ತಲೇ ಗಾಳಿ ಖಾರವಾಯಿತು. ಬಸ್ಸಿನವರೆಲ್ಲ ಒಬ್ಬರ ಹಿಂದೊಬ್ಬರು ಸೀನಿದರು. ಬ್ಯಾಡಗಿ ಬಂತೆಂದು ನನಗೆ ಹಿಗ್ಗೋ ಹಿಗ್ಗು.

ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರ ಮಕ್ಕಳಿಗಾಗಿ ಗುಲಾಬಬಿ ನಡೆಸುತ್ತಿದ್ದ ಬಾಲವಾಡಿ, ವ್ಯಾಪಾರಿ ಶೇಖಪ್ಪನವರ ಹಳೆಯ ಗೋದಾಮಿನಲ್ಲಿತ್ತು. ಇಪ್ಪತ್ತಾರು ಮಕ್ಕಳು. ಮನೆಗೊಂದು ಹಿಡಿ ಜೋಳ ಬಂದರೆ ಮಧ್ಯಾಹ್ನದ ನುಚ್ಚು ಆಗುತ್ತಿತ್ತು. ಈ ಸಲ ಬೆಳೆ ಹೆಚ್ಚಾಗಿ ಚೀಲಗಳಿಗೆ ಜಾಗ ಸಾಲದು, ಗೋದಾಮು ಬೇಕಾಗಬಹುದು, ಮಧ್ಯಾಹ್ನ ಬಂದು ನೋಡಿ ಹೇಳುತ್ತೇನೆ ಎಂದಿದ್ದರಂತೆ ಶೇಖಪ್ಪನವರು. ಗುಲಾಬಬಿ ನಸುಕಿನಲ್ಲೇ ನೆಲ ಸಾರಿಸಿದ್ದರು. ನನ್ನ ಪಾಟಿಗಳನ್ನು ಬಾಗಿಲಿಗೆ ಎದುರಾಗಿ ಜೋಡಿಸಿದರು.

“ಒಳಗ ಕಾಲಿಟ್ಟ ಕೂಡ್ಲೆ ಅವರ ಕಣ್ಣಿಗೆ ಬೀಳಬೇಕ, ತಂಗಿ.”

ಹದಿನೆಂಟು ವರ್ಷ ಗುಲಾಬಬಿಯೂ ತೊಟ್ಟು ಬಿಡಿಸಿದವರೇ. ಒಮ್ಮೆ ಕೆಲಸದ ನಡುವೆ ಎತ್ತಿಕೊಂಡ ಮಗಳ ಕಣ್ಣನ್ನು ಅದೇ ಕೈಯಿಂದ ಒರೆಸಿಬಿಟ್ಟಿದ್ದರು. ಆ ಮಗಳು ಈಗ ಹೊಸರಿತ್ತಿಯಲ್ಲಿ ಎರಡು ಮಕ್ಕಳ ತಾಯಿ. ಅವತ್ತಿನ ಅಳು ಮಾತ್ರ ಇನ್ನೂ ಕಿವಿಯಲ್ಲಿದೆ ಎಂದರು. ಅದಕ್ಕೇ ಬಾಗಿಲಲ್ಲಿ ಶೇಂಗಾ ಎಣ್ಣೆಯ ಬಟ್ಟಲು, ಕಡಲೆಹಿಟ್ಟು, ಬಕೀಟು ನೀರು. ಎಣ್ಣೆ ತಿಕ್ಕಿ, ಹಿಟ್ಟು ಹಚ್ಚಿ ತೊಳೆಯದ ಕೈ ಯಾವ ಮಗುವನ್ನೂ ಮುಟ್ಟುವಂತಿಲ್ಲ.

ಒಂದು ಗಂಟೆಗೆ ತಾಯಂದಿರು ಬಂದು ಬಟ್ಟಲಿನ ಮುಂದೆ ಸಾಲು ನಿಂತರು. ಹಿಂದೆಯೇ ಮಾರುಕಟ್ಟೆಯಿಂದ ಶೇಖಪ್ಪನವರು. ಅವರ ಹಿಂದೆ ಹಮಾಲ ಮೈಲಾರೆಪ್ಪ, ಚೀಲ ಹೇರಿದ ಗಾಡಿಯೊಂದಿಗೆ. ನೋಡಿ ಹೇಳುತ್ತೇನೆ ಎಂದವರು ಚೀಲ ತಂದೇಬಿಟ್ಟಿದ್ದರು. ಬಣ್ಣ ಪರೀಕ್ಷಿಸಲು ಬೆಳಗಿನಿಂದ ಕಾಯಿ ಮುರಿದು ತಿಕ್ಕಿ ಶೇಖಪ್ಪನವರ ಬೆರಳು ಕೆಂಪಗಾಗಿದ್ದವು. ಸಾಲಿನಲ್ಲಿದ್ದ ಫಕ್ಕೀರವ್ವನ ಪುಟ್ಟ ಹೆಣ್ಣುಮಗು ಓಡಿಬಂದು ಅವರ ಧೋತರ ಹಿಡಿಯಿತು. ಅವರು ನಕ್ಕು, ಗಲ್ಲ ಹಿಂಡಲು ಬಗ್ಗಿದರು.

“ಸಾವ್ಕಾರ್ರ, ಕೈ,” ಎಂದರು ಗುಲಾಬಬಿ.

ಶೇಖಪ್ಪನವರು ಬಗ್ಗಿದಲ್ಲೇ ತಲೆಯೆತ್ತಿದರು.

“ನಾನೂ ಹಚ್ಚಬೇಕೇನು?”

“ಖಾರಕ್ಕ ಸಾವ್ಕಾರ ಯಾರು, ಕೂಲಿ ಯಾರು, ಗೊತ್ತಾಗೂದಿಲ್ರಿ.”

ಅವರು ತಮ್ಮ ಬೆರಳುಗಳನ್ನೇ ನೋಡಿಕೊಂಡರು. ಆಮೇಲೆ ಬಟ್ಟಲಿನತ್ತ ನಡೆದರು. ಫಕ್ಕೀರವ್ವ ಸೆರಗು ಬಾಯಿಗಿಟ್ಟುಕೊಂಡು ಅಂದಳು:

“ಪಾಳಿ ಐತ್ರಿ. ಹಿಂದ ನಿಂದರ್ರಿ.”

ಸಾಲು ತಡೆಯಲಾರದೆ ನಕ್ಕಿತು. ಏಳು ಹೆಂಗಸರ ಹಿಂದೆ ಶೇಖಪ್ಪನವರು ಟೊಪ್ಪಿಗೆ ಸರಿಮಾಡಿಕೊಂಡು ನಿಂತರು. ಪಾಳಿ ಬಂದಾಗ ಎಣ್ಣೆ ತಿಕ್ಕಿ, ಹಿಟ್ಟು ಹಚ್ಚಿ ಕೈ ತೊಳೆದು, ಮೂಗಿನ ಹತ್ತಿರ ತಂದು ಮೂಸಿ ನೋಡಿ, ಆಮೇಲೇ ಮಗುವನ್ನು ಎತ್ತಿಕೊಂಡರು. ಅದು ಮೊದಲು ಟೊಪ್ಪಿಗೆಗೇ ಕೈಹಾಕಿತು.

“ಮೈಲಾರೆಪ್ಪಾ,” ಅವರು ಹೊರಗೆ ಕೂಗಿದರು, “ಚೀಲ ಇಲ್ಲಿ ಇಳಸಬ್ಯಾಡ. ನಮ್ಮ ಮನಿ ಪಡಸಾಲಿಗೆ ಒಯ್ಯಿ.”

ಬಟ್ಟಲಿನ ತಳ ಕಾಣುತ್ತಿತ್ತು. ಗುಲಾಬಬಿ ಮತ್ತೆ ಎಣ್ಣೆ ಸುರಿದಿಟ್ಟು, ಪಾಟಿ ಹಂಚು ಬಾ ಎಂದು ನನ್ನನ್ನು ಕರೆದರು. ಹನ್ನೆರಡು ಪಾಟಿಗೆ ಇಪ್ಪತ್ತಾರು ಮಕ್ಕಳೂ ಒಮ್ಮೆಲೇ ನುಗ್ಗಿದರು.