ಮಾಳಮ್ಮ ನಿಲ್ಲದ ದಿನ

ಮಾಳಮ್ಮನಿಗೆ ನಾನು ಪಾಠ ಮಾಡಿದ್ದು ಹತ್ತೇ ದಿನ. ಆ ಹತ್ತು ದಿನಗಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ನನ್ನ ಮೇಲೂ ಸಿಟ್ಟಿದೆ, ಆ ಪಾಠದ ಪುಸ್ತಕ ಕೈಗೆ ಕೊಟ್ಟು ಕಳಿಸಿದ ದೊಡ್ಡ ಊರಿನ ಜಾಣರ ಮೇಲೂ ಇದೆ.

೧೯೮೭ರ ಮಾತು. ನಾನು ಶಿವಕಾಂತಾ, ಕಡಗಂಚಿಯವಳು, ಒಂದು ಸಂಸ್ಥೆಯಲ್ಲಿ ತರಬೇತಿ ಕೊಡುವ ಕೆಲಸಕ್ಕಿದ್ದೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿನಿಂದ ಇಪ್ಪತ್ತು ಹೆಣ್ಣುಮಕ್ಕಳನ್ನು ಆರಿಸಿ, ಆಳಂದದ ಒಂದು ಖಾಲಿ ಗೋದಾಮಿನಲ್ಲಿ ಕೂಡಿಸಿಕೊಂಡು, ಓಣಿಯ ಜನರನ್ನು ಒಟ್ಟುಮಾಡಿ ಅವರ ಕೆಲಸ ಅವರಿಂದಲೇ ಮಾಡಿಸುವುದು ಹೇಗೆಂದು ಹೇಳಿಕೊಡಬೇಕು. ಅಂಥವರಿಗೆ ನಾವು ಸಂಘಟಕಿ ಎನ್ನುತ್ತಿದ್ದೆವು. ಪಾಠದಲ್ಲಿ ಒಂದು ಮಾತು ನನಗೆ ಬಹಳ ಹಿಡಿಸಿತ್ತು. ಸಂಘಟಕಿ ತಾನು ಮುಂದೆ ನಿಲ್ಲಬಾರದು, ಅವಳು ನಿಂತರೆ ಜನ ಹಿಂದೆಯೇ ಉಳಿಯುತ್ತಾರೆ. ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಹಚ್ಚಿದ್ದೆ.

"ಅಕ್ಕೋರ, ಯಾರೂ ಮುಂದ ಬರ್ಲಿಲ್ಲಂದ್ರ ಏನ್ ಮಾಡಬೇಕ್ರಿ?" ಎಂದು ಕೇಳಿದವಳು ಮಾಳಮ್ಮ ಒಬ್ಬಳೇ.

"ತಡೀಬೇಕು. ಬರ್ತಾರ," ಎಂದೆ.

ಅವಳು ಹ್ಞೂಂ ಎಂದು ಬರೆದುಕೊಂಡಳು. ನಾಲ್ಕನೇ ಇಯತ್ತೆ ಕಲಿತವಳು, ಅಕ್ಷರ ಕೂಡಿಸಿ ಕೂಡಿಸಿ ಬರೆಯುತ್ತಿದ್ದಳು. ಬರೆದದ್ದನ್ನು ನಂಬುತ್ತಿದ್ದಳು ಬೇರೆ.

ಅವಳು ಗೊಬ್ಬೂರಿನ ಕೆಳಗಿನ ಓಣಿಯವಳು, ತವರೂ ಅದೇ, ಗಂಡನ ಮನೆಯೂ ಅದೇ. ಗಂಡ ದತ್ತಪ್ಪ ಸೋಲಾಪುರದ ಗಿರಣಿಯಲ್ಲಿದ್ದ, ವರ್ಷಕ್ಕೆ ಎರಡು ಸಲ ಬಂದು ಮುಖ ತೋರಿಸಿ ಹೋಗುತ್ತಿದ್ದ. ಇವಳು ದೌಲತರಾಯ ಗೌಡರ ಹೊಲದಲ್ಲಿ ಕಳೆ ತೆಗೆದು, ಜೋಳ ಕಿತ್ತು, ಮಗಳು ದ್ರೌಪದಿಯನ್ನು ಶಾಲೆಗೆ ಕಳಿಸುತ್ತಿದ್ದಳು. ಓಣಿಯಲ್ಲಿ ನಲವತ್ತು ಮನೆ, ನೀರಿಗೆ ಸ್ವಂತದ ಒಂದು ಗುಂಡಿಯೂ ಇಲ್ಲ. ಗೌಡರ ಬಾವಿಕಟ್ಟೆಯ ಕೆಳಗೆ ಕೊಡ ಇಟ್ಟುಕೊಂಡು ನಿಲ್ಲಬೇಕು. ಗೌಡರ ಆಳು ಮನಸ್ಸು ಬಂದಾಗ ಸೇದಿ ಮೇಲಿನಿಂದ ಸುರಿಯುತ್ತಿದ್ದ. ಕಟ್ಟೆ ಮುಟ್ಟುವಂತಿಲ್ಲ. ಏಳು ವರ್ಷದವಳಿದ್ದಾಗಿನಿಂದ ತಾನು ಅಲ್ಲಿ ನಿಂತಿದ್ದೇನೆ, ತನ್ನ ಮಗಳು ನಿಲ್ಲಬಾರದು ಎಂಬುದು ಮಾಳಮ್ಮನ ಹಟವಾಗಿತ್ತು.

ತರಬೇತಿ ಮುಗಿಸಿ ಹೋದವಳು ಸುಮ್ಮನೆ ಕೂಡಲಿಲ್ಲ. ಮನೆ ಮನೆ ತಿರುಗಿದಳು, ನಲವತ್ತು ಹೆಬ್ಬೆಟ್ಟು ಹಾಕಿಸಿದಳು, ಅರ್ಜಿ ಹಿಡಿದು ಹೆಂಗಸರನ್ನು ಕಟ್ಟಿಕೊಂಡು ಅಫಜಲಪುರಕ್ಕೆ ಐದು ಸಲ ಹೋದಳು. ಮರುವರ್ಷ ಕೆಳಗಿನ ಓಣಿಗೆ ಒಂದು ಬೋರಿಂಗ್ ಮಂಜೂರಾಯಿತು. ಕೈಯಿಂದ ಒತ್ತುವ ಪಂಪು. ಕೊರೆಯುವ ಲಾರಿ ಯಾವ ದಿನವಾದರೂ ಬರಬಹುದು, ಜಾಗ ತೋರಿಸಲು ಯಾರಾದರೂ ಇರಬೇಕು, ಇಲ್ಲದಿದ್ದರೆ ಅವರು ಎಲ್ಲಿ ಬೇಕಾದರೂ ಕೊರೆದು ಹೋಗುತ್ತಾರೆ ಎಂದು ಕಚೇರಿಯ ಜವಾನನೊಬ್ಬ ಕಿವಿಯಲ್ಲಿ ಹೇಳಿದ್ದ.

ನಾನೇ ಹೋಗಿ ಸಭೆ ಮಾಡಿಸಿದೆ. ಲಾರಿ ಕಾಯಲು ದಿನಕ್ಕೆ ಎರಡು ಮನೆಯಂತೆ ಪಾಳಿ ಹಚ್ಚಿದೆವು. ಒಪ್ಪಿಗೆ ಇದ್ದವರು ಕೈ ಎತ್ತಿರಿ ಎಂದೆ. ಎಲ್ಲ ಕೈ ಮೇಲೆ ಹೋದವು. ನನಗೆ ಕಣ್ಣಲ್ಲಿ ನೀರೇ ಬಂತು, ಎಂಥ ಹುಚ್ಚಿ ನಾನು.

ಎಳ್ಳಮಾಸಿ ಹಬ್ಬದ ಹಿಂದಿನ ದಿನ ಮಧ್ಯಾಹ್ನ ನಾನು ಗೊಬ್ಬೂರಿನಲ್ಲೇ ಇದ್ದೆ. ಚೌಡಾಪುರದಲ್ಲಿ ಚಹಾದಂಗಡಿ ಇಟ್ಟಿದ್ದ ಲಾಡ್ಲೆಸಾಬ ಸೈಕಲ್ ತುಳಿದುಕೊಂಡು ಬಂದು ಸುದ್ದಿ ಹೇಳಿದ. ಬೋರಿನ ಲಾರಿ ಅವನ ಅಂಗಡಿಯ ಮುಂದೆ ನಿಂತಿದೆ, ನಾಳೆ ಇಲ್ಲಿಗೇ ಬರುತ್ತದೆ. ಲಾರಿಯವರು ತಮಿಳರು, ನಮ್ಮ ಎಳ್ಳಮಾಸಿ ಅವರಿಗೇನು ಗೊತ್ತು? ನಮ್ಮ ಕಡೆ ಆ ದಿನ ಊರಲ್ಲಿ ನಾಯಿಯೂ ಉಳಿಯುವುದಿಲ್ಲ. ಎಲ್ಲರೂ ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯೆಂದು ಚರಗ ಚೆಲ್ಲಿ, ಕಾಳು-ಸೊಪ್ಪಿನ ಭಜ್ಜಿ, ಸಜ್ಜಿ ಕಡಬು ಉಂಡು ಬರುತ್ತಾರೆ. ಹೊಲ ಇಲ್ಲದವರನ್ನು ಹೊಲದ ಧಣಿ ಊಟಕ್ಕೆ ಕರೆಯುತ್ತಾನೆ. ಆ ಊಟಕ್ಕೆ ಹೋಗದಿದ್ದವರನ್ನು ಸುಗ್ಗಿಯ ಕೂಲಿಗೆ ಯಾರೂ ಕರೆಯುವುದಿಲ್ಲ.

"ನಾಳಿ ನಾ ಒಬ್ಬಾಕಿನೇ ನಿಂದರ್ತೇನಿ ಅಕ್ಕೋರ," ಎಂದಳು ಮಾಳಮ್ಮ. "ನನ್ನ ಸುಗ್ಗಿ ಹೋದ್ರ ಹೋಗ್ಲಿ."

ನಾಳೆಯ ಪಾಳಿ ನಿಂಬೆವ್ವ ಮತ್ತು ನಾಗಣ್ಣನದು. "ಬ್ಯಾಡ," ಎಂದೆ ನಾನು. "ಇವತ್ತು ನೀನು ನಿಂತರ ನಾಳಿ ಎಲ್ಲಾದಕ್ಕೂ ನೀನೇ ಬೇಕಾಗ್ತಿ. ಅವರ ಪಾಳಿ, ಅವರು ನಿಲ್ಲಲಿ."

"ನಿಲ್ತಾರಂತೀರೇನ್ರಿ?"

"ಕೈ ಎತ್ಯಾರಲ್ಲ."

 ಮರುದಿನ ಅವಳು ಮಗಳ ಕೈ ಹಿಡಿದುಕೊಂಡು ಗೌಡರ ಹೊಲಕ್ಕೆ ಹೋದಳು. ನಾನೂ ಕಡಗಂಚಿಯಲ್ಲಿ ಅಣ್ಣನ ಹೊಲದಲ್ಲಿ ಬನ್ನಿಗಿಡದ ನೆರಳಿಗೆ ಕೂತು ಹೊಟ್ಟೆ ತುಂಬ ಭಜ್ಜಿ ಉಂಡೆ. ಬೇರೆಯವರು ಹಬ್ಬ ಬಿಟ್ಟು ಓಣಿ ಕಾಯಲಿ ಎಂದು ಹೇಳಿ ಬಂದವಳು, ಎರಡನೆಯ ಸಲ ನೀಡಿಸಿಕೊಂಡು ಉಂಡೆ.

ನಿಂಬೆವ್ವನೂ ನಾಗಣ್ಣನೂ ಉಂಡು ಬೇಗ ಬಂದರಾಯಿತು ಎಂದು ಎಲ್ಲರ ಜೊತೆ ಹೋಗಿದ್ದರು. ಲಾರಿ ಬೆಳಿಗ್ಗೆ ಹತ್ತಕ್ಕೇ ಬಂತು. ಊರಲ್ಲಿ ಇದ್ದವನು ಗೌಡರ ಲೆಕ್ಕ ಬರೆಯುವ ಕಾರಕೂನ ಒಬ್ಬನೇ. ಅವನು ಗೌಡರ ದನದ ಕೊಟ್ಟಿಗೆಯ ಹಿಂದೆ, ಕಾಂಪೌಂಡಿನ ಒಳಗೆ ಜಾಗ ತೋರಿಸಿದ. ಜನ ಹೊಲದಿಂದ ಬರುವುದರೊಳಗೆ ಕೊರೆದು, ಪೈಪು ಇಳಿಸಿ, ಲಾರಿ ಹೋಗಿಯೂ ಆಗಿತ್ತು.

ಮೂರನೆಯ ದಿನ ಹೋಗಿ ನಾನು ಓಣಿಯವರನ್ನೆಲ್ಲ ಬಾಯಿಗೆ ಬಂದಂತೆ ಬೈದೆ. ನಿಲ್ಲದವರು ಕೈ ಯಾಕೆ ಎತ್ತಿದಿರಿ ಎಂದು ಕೇಳಿದೆ.

ನಾಗಣ್ಣ ತಲೆ ಕೆರೆದುಕೊಂಡ. "ನೀವು ಎತ್ರಿ ಅಂದ್ರಿ, ಎತ್ತಿದ್ವಿ. ಅಷ್ಟು ದೂರಿಂದ ಬಂದೀರಿ, ನಿಮ್ಮ ಮಾರಿ ಮ್ಯಾಲ ಇಲ್ಲ ಅನ್ನಾಕ ಆಗ್ತದೇನ್ರಿ?"

ನಿಂಬೆವ್ವ ಇನ್ನೂ ನೆಟ್ಟಗೆ ಹೇಳಿದಳು. "ಗೌಡ್ರು ಉಣ್ಣಾಕ ಬಾ ಅಂದಿದ್ರು. ಬೋರಿಂಗ ನೀರು ಕುಡದು ಸುಗ್ಗಿ ಇಲ್ದ ಕುಂದ್ರಾಕ ಬರ್ತದೇನ್ರಿ ಅಕ್ಕೋರ?"

 ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಇಷ್ಟೂ ತಿಳಿಯಲಿಲ್ಲವೇ ಎಂದು ನಾಚಿಕೆಯಾಯಿತು. ಮಾಳಮ್ಮ ಮಾತ್ರ ಯಾರಿಗೂ ಒಂದು ಮಾತು ಅನ್ನಲಿಲ್ಲ. ಮತ್ತೆ ಅರ್ಜಿ ಬರೆದಳು. ಕಚೇರಿಯಲ್ಲಿ ರಿಜಿಸ್ಟರ್ ತೆರೆದು ತೋರಿಸಿದರು. ಗೊಬ್ಬೂರ ಕೆಳಗಿನ ಓಣಿ, ಬೋರಿಂಗ್ ಒಂದು, ಕೆಲಸ ಮುಗಿದಿದೆ. ಇರುವ ಓಣಿಗೆ ಮತ್ತೊಂದು ಯಾರು ಕೊಡುತ್ತಾರೆ? ವರ್ಷವಿಡೀ ತಿರುಗಿದಳು. ಚಪ್ಪಲಿ ಹರಿದವು, ಅಷ್ಟೇ.

ಇನ್ನೊಂದು ಹೊಟ್ಟೆಯುರಿ ಕೇಳಿ. ನಮ್ಮ ಸಂಸ್ಥೆಯವರು ಆ ರಿಜಿಸ್ಟರನ್ನೇ ನೋಡಿ ಗೊಬ್ಬೂರನ್ನು ಗೆದ್ದ ಊರುಗಳ ಪಟ್ಟಿಗೆ ಸೇರಿಸಿದರು. ಖರೇ ಸಂಗತಿ ಬರೆದು ಕಳಿಸಿದೆ, ಯಾರೂ ಓದಲಿಲ್ಲ. ೧೯೯೦ರಲ್ಲಿ ಹೊಸ ಸಂಘಟಕಿಯರ ತರಬೇತಿಗೆ ಮಾಳಮ್ಮನನ್ನು ಕರೆಸಿ ಮಾತಾಡಿಸಿರಿ ಎಂದು ಮೇಲಿನಿಂದ ಕಾಗದ ಬಂತು. ನಾನು ಕರೆಸಿದೆ. ಬೇಡ ಎನ್ನುವ ಧೈರ್ಯ ನನಗೂ ಇರಲಿಲ್ಲ.

ಅವಳು ಬಂದಳು, ಇಪ್ಪತ್ತು ಹುಡುಗಿಯರ ಮುಂದೆ ನಿಂತಳು. ನಿಮ್ಮ ಓಣಿಗೆ ನೀರು ಹೇಗೆ ಬಂತು ಎಂದು ಒಬ್ಬಳು ಕೇಳಿದಳು.

"ಬಂದಿಲ್ಲವ್ವ," ಎಂದಳು ಮಾಳಮ್ಮ. "ಆವತ್ತ ನಾ ಒಬ್ಬಾಕಿ ನಿಂತಿದ್ರ ಬರ್ತಿತ್ತು. ಅಕ್ಕೋರು ಬ್ಯಾಡ ಅಂದ್ರು, ನಾ ಕೇಳಿದೆ. ಕೇಳಬಾರದಿತ್ತು."

ಹುಡುಗಿಯರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಊಟಕ್ಕೆ ಕರೆದರೆ ಅವಳು ಕೂಡಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿನ ಹೊತ್ತು ಕೇಳಿದಳು.

"ಇಷ್ಟು ಅವಸರ ಏನದ ಮಾಳಮ್ಮ? ಒಂದು ರೊಟ್ಟೀನರ ತಿಂದು ಹೋಗು," ಎಂದೆ.

"ಇಲ್ರಿ ಅಕ್ಕೋರ. ಗೌಡ್ರ ಕಾಂಪೌಂಡಿನ ಬಾಗಲಾ ಐದಕ್ಕ ಹಾಕ್ತಾರ್ರಿ. ದ್ರೌಪದಿ ಕೊಡ ಇಟ್ಕೊಂಡು ಹೊರಗ ನಿಂತಿರ್ತಾಳ."