ನಾನು ಅಳಿಸಿದ ದನಿ

ರೂಪಳ ಫೋನಿಗೆ ಬಂದಿದ್ದ ಅವಳ ಅಪ್ಪನ ಕೊನೆಯ ಮಾತನ್ನು ಅಳಿಸಿದವಳು ನಾನು. ಅವಳ ಮಗಳು ಸಿಂಚನಳ ಕೈಯಿಂದ ಆದದ್ದು ಎಂದು ಮನೆಯವರೆಲ್ಲ ನಂಬಿದರು. ಏಳು ವರ್ಷ ನಂಬಿಕೊಂಡೇ ಇದ್ದರು. ನಂಬಲಿ ಎಂದು ನಾನು ಬಿಟ್ಟೆ.

ರೂಪ ನನ್ನ ಓರಗಿತ್ತಿ. ಮೈದುನ ಮಾದೇಶನ ಹೆಂಡತಿ. ರಾಮಾಪುರದ ಹೆಣ್ಣು. ಮಾಂಬಳ್ಳಿಯಲ್ಲಿ ನಮ್ಮದು ಒಟ್ಟು ಸಂಸಾರ, ಜೊತೆಗೆ ರೇಷ್ಮೆ ಹುಳದ ಮನೆ. ಹುಳ ಸಾಕುವವರು ಎಲ್ಲಿಗೂ ಹೋಗುವಂತಿಲ್ಲ — ಹೊತ್ತುಹೊತ್ತಿಗೆ ಸೊಪ್ಪು ಬೀಳಬೇಕು. ನನಗೆ ಮದುವೆಯಾಗಿ ಇಪ್ಪತ್ತು ವರ್ಷವಾಗಿತ್ತು. ನಾನು ಕಂಡ ದೂರದೂರೆಂದರೆ ಮೈಸೂರು.

ಆ ಬೇಸಿಗೆಯಲ್ಲಿ ಹುಳದ ಒಂದು ಬೆಳೆ ಮುಗಿದು ಇನ್ನೊಂದು ಶುರುವಾಗುವ ಮೊದಲು ಮಾದೇಶ ಮೈಸೂರಿನಿಂದ ಬಾಡಿಗೆಗೆ ಕ್ಯಾರವಾನ್ ತಂದ. ಒಳಗೇ ಮಂಚ, ಗ್ಯಾಸ್ ಒಲೆ, ಪಾತ್ರೆ ತೊಳೆಯಲು ತೊಟ್ಟಿ. ಮಂಗಳೂರಿನಿಂದ ಗೋಕರ್ಣದವರೆಗೆ ಸಮುದ್ರದ ಪಕ್ಕದಲ್ಲೇ ಹೋಗುವುದೆಂದು ಮಾತಾಯಿತು. ರೂಪಳಿಗೆ ಮನಸ್ಸಿರಲಿಲ್ಲ. ಅವಳ ಅಪ್ಪನಿಗೆ ಆಗಲೇ ಉಬ್ಬಸ ಹೆಚ್ಚಾಗಿತ್ತು. "ನಂಗೇನಾಗದೆ, ಓಗ್ಬುಟ್ ಬಾ ಮಗ" ಎಂದು ಅವರೇ ಕಳಿಸಿದರು.

ಆ ಸೆಕೆಯನ್ನು ಹೇಗೆ ಹೇಳಲಿ? ನಮ್ಮ ಕಡೆಯ ಬಿಸಿಲು ಸುಡುತ್ತದೆ, ಅಲ್ಲಿಯದು ಬೇಯಿಸುತ್ತದೆ. ಎರಡನೇ ದಿನಕ್ಕೇ ಗಾಡಿಯ ಎಸಿ ಕೆಟ್ಟಿತು. ಒಳಗೆ ಎಂಟು ಜನಕ್ಕೆ ಬೇಯಿಸುವವಳು ಅಲ್ಲಿಯೂ ನಾನೇ. ಅಡುಗೆಮನೆಗೆ ಚಕ್ರ ಕಟ್ಟಿ ಜೊತೆಗೇ ಎಳೆದುಕೊಂಡು ಬಂದಿದ್ದರು, ಅಷ್ಟೆ. ಮೂರು ದಿನ ಸಮುದ್ರವನ್ನು ಒಲೆಯ ಪಕ್ಕದ ಕಿಟಕಿಯಿಂದಲೇ ನೋಡಿದೆ.

ಮೂರನೇ ದಿನ ಮಧ್ಯಾಹ್ನ, ಮರವಂತೆ ದಾಟಿ ಒಂದು ಕಡೆ ಗಾಡಿ ನಿಲ್ಲಿಸಿದರು. ಎಲ್ಲರೂ ನೀರಿಗೆ ಓಡಿದರು. "ಪಾತ್ರೆ ನಾನ್ ಬಂದ್ ತೊಳಿತೀನಿ, ನೀವೂ ಬನ್ನಿ ಅಕ್ಕ" ಎಂದು ಕೂಗಿಕೊಂಡೇ ರೂಪ ಇಳಿದಳು. ನಾನು ಒಲೆ ಆರಿಸಿ, ಚಪ್ಪಲಿ ಬಿಟ್ಟು, ಸೀರೆ ಎತ್ತಿ ಸಿಕ್ಕಿಸಿದ್ದೆ. ಆಗ ಚಾರ್ಜಿಗೆ ಹಾಕಿದ್ದ ಅವಳ ಫೋನ್ ಸದ್ದು ಮಾಡಿತು. ಅವಳ ಅಣ್ಣನ ಹೆಸರು, ವಾಟ್ಸಾಪಿನಲ್ಲಿ ದನಿಯ ಮೆಸೇಜು. ಫೋನಿಗೆ ಲಾಕ್ ಇರಲಿಲ್ಲ. ಒತ್ತಿದೆ.

ಮಾತಾಡಿದ್ದು ಅಣ್ಣನಲ್ಲ, ಅವಳ ಅಪ್ಪ. ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳುತ್ತಾ —

"ರೂಪವ್ವ, ಎಲ್ಲಿದ್ದಿಯವ್ವ? ಒಂದ್ಸಲ ಬಂದೋಗವ್ವ. ನಿನ್ ಮೊಕ ನೋಡ್ಬೇಕು ಅನ್ಸ್ತಾದೆ. ಬಿಸ್ಲಲ್ಲಿ ಬರಬ್ಯಾಡ, ಒತ್ತಿಳುದ್ ಮ್ಯಾಕೆ ಬಾ."

ಅದರ ಅರ್ಥ ನನಗೆ ತಿಳಿಯಲಿಲ್ಲವೆಂದು ಹೇಳಲಾರೆ. ತಿಳಿಯಿತು. ಹೇಳಿದರೆ ಗಾಡಿ ಆ ಗಳಿಗೆಯಲ್ಲೇ ತಿರುಗುತ್ತದೆ ಎಂಬುದೂ ತಿಳಿಯಿತು. ಸಮುದ್ರ ನೂರು ಹೆಜ್ಜೆ ದೂರದಲ್ಲಿತ್ತು. ಅವರೇ ಹೊತ್ತಿಳಿದ ಮೇಲೆ ಬಾ ಅಂದಿದ್ದಾರಲ್ಲ — ಎಂಥ ಮಾತನ್ನು ಎಂಥದಕ್ಕೆ ಬಳಸಿಕೊಂಡೆ! ಒಂದು ಗಂಟೆ, ಆಮೇಲೆ ಹೇಳುತ್ತೇನೆ ಅಂದುಕೊಂಡೆ. ಅಷ್ಟರೊಳಗೆ ಅವಳು ಬಂದು ನೋಡಿಬಿಟ್ಟರೆ? ಅಳಿಸಿದೆ. ಫೋನನ್ನು ಆಫ್ ಮಾಡಿ ಇಟ್ಟೆ.

ಆಮೇಲೆ ನೀರಿಗಿಳಿದೆ. ಅಲೆ ಬಂದು ಮೊಣಕಾಲಿಗೆ ಹೊಡೆದಾಗ ರೂಪ ನನ್ನ ಕೈ ಹಿಡಿದುಕೊಂಡು ನಕ್ಕಳು. ನಾನೂ ನಕ್ಕೆ. ಸುಳ್ಳು ನಗು ಅಂದರೆ ಅದೇ ಸುಳ್ಳಾಗುತ್ತದೆ. ನಿಜವಾಗಿಯೂ ನಕ್ಕೆ.

ಒಂದು ಗಂಟೆ ಕಳೆಯಿತು. ಈಗ ಹೇಳಿದರೆ ಆಗಲೇ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ಸಂಜೆಯಾಯಿತು — ಇನ್ನಷ್ಟು ಕಷ್ಟವಾಯಿತು. "ಫೋನ್ ಆಫಾಗಿತ್ತಲ್ಲಕ್ಕ" ಅಂದಳು ರೂಪ. "ಚಾರ್ಜ್ ಏರ್ತಿರ್ನಿಲ್ಲ ಕಣೆ" ಅಂದೆ.

ಮರುದಿನ ಬೆಳಗ್ಗೆ ಗೋಕರ್ಣದಲ್ಲಿ ಮಾದೇಶನಿಗೆ ಫೋನ್ ಬಂತು. ಮುಗಿದುಹೋಗಿತ್ತು.

ದಾರಿಯುದ್ದಕ್ಕೂ ಅವಳು ಅತ್ತಳು. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಬೇಸಿಗೆ, ಹೆಣ ಇಡುವಂತಿರಲಿಲ್ಲ; ನಾವು ಹನೂರು ದಾಟಿ ರಾಮಾಪುರ ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಅಣ್ಣ ಬಾಗಿಲಲ್ಲೇ ತಡೆದ.

"ಅಪ್ಪನ್ ಮಾತ ಕೇಳುಸ್ಕಂಡೂ ಬರ್ನಿಲ್ವಲ್ಲಮ್ಮಿ? ನೀನು ಕೇಳಿದ್ ಗುರ್ತು ನೀಲಿ ಬಂತು. ಒಂಟವ್ಳೆ, ಬತ್ತಾವ್ಳೆ ಅಂತ ಅವ್ರಿಗೂ ನಾನೇ ಹೇಳ್ದಿ. ಬಾಗ್ಲ ಕಡೀಕೇ ನೋಡ್ಕಂಡು ಓದ್ರು."

ಅವಳು ಆಣೆಯಿಟ್ಟಳು. ಯಾರೂ ನಂಬಲಿಲ್ಲ. ಕೊನೆಗೆ ಮಾದೇಶನೇ, "ಮಗು ಗೇಮ್ ಆಡ್ವಾಗ ಒತ್ತಿರ್ಬೇಕು" ಅಂದ. ಸಿಂಚನಳಿಗೆ ಆಗ ಒಂಬತ್ತು ವರ್ಷ. ರೂಪ ತಿರುಗಿ ಮಗಳ ಕೆನ್ನೆಗೆ ಹೊಡೆದಳು. ನಾನು ಮಗುವನ್ನು ಎಳೆದು ಸೆರಗಿನಲ್ಲಿ ಮುಚ್ಚಿಕೊಂಡೆ. ಎಲ್ಲರ ಕಣ್ಣಿಗೆ ಒಳ್ಳೆಯ ದೊಡ್ಡವ್ವ! ಬಾಯಿ ಮಾತ್ರ ಬಿಡಲಿಲ್ಲ.

ಅಣ್ಣ ಅದನ್ನು ನೆಪವೆಂದೇ ತಿಳಿದ; ಅಣ್ಣ ತಂಗಿಗೆ ಮಾತು ಬಿಟ್ಟುಹೋಯಿತು. ಏಳು ವರ್ಷ ಅವಳು ತೌರಿನ ಹೊಸಿಲು ತುಳಿಯಲಿಲ್ಲ. ಅತ್ತಾಗಲೆಲ್ಲ ನನ್ನ ಬಳಿಯೇ ಬಂದು ಅತ್ತಳು. ಸಮಾಧಾನ ಮಾಡಿ ಮಾಡಿ ದಣಿದೆ — ದಣಿವು ಅನ್ನುವುದಕ್ಕೂ ನನಗೆ ನಾಚಿಕೆಯಾಗಬೇಕು.

ಹೋದ ತಿಂಗಳು ಸೊಪ್ಪು ಕತ್ತರಿಸುತ್ತಿದ್ದೆ. ಈಗ ಕೊಳ್ಳೇಗಾಲದಲ್ಲಿ ಪಿಯುಸಿ ಓದುತ್ತಿರುವ ಸಿಂಚನ ಕಾಲೇಜಿನಿಂದ ಬಂದು ಪಕ್ಕದಲ್ಲಿ ಕೂತಳು. "ದೊಡ್ಡವ್ವ, ನಾನು ಒತ್ತಿದ್ದು ಈಗೀಗ ಗ್ಯಾಪ್ನ ಬತ್ತಾ ಅದೆ. ತಾತನ್ ದನಿ ಕೇಳ್ದಂಗೂ ಅನ್ಸ್ತದೆ. ಅಮ್ಮಂಗೆ ಒಪ್ಕಬುಡ್ತೀನಿ."

ಆಗದೇ ಇದ್ದದ್ದು ಆ ಮಗುವಿಗೆ ನೆನಪಾಗತೊಡಗಿತ್ತು. ಅಲ್ಲೇ ಹೇಳಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. ಎದ್ದು ಹೋಗಿ ಅಮ್ಮನನ್ನು ಕರೆದುಕೊಂಡು ಬಂದು, "ಈಗ ಹೇಳಿ" ಅಂದಳು.

ಎರಡನೇ ಸಲ ಹೇಳಿದೆ. ರೂಪ ಯಾಕೆ ಎಂದು ಕೇಳಲೇ ಇಲ್ಲ. ಕೇಳಿದ್ದು ಒಂದೇ —

"ಅಪ್ಪ ಏನಂದ್ರು? ಅಂದಂಗೇ ಹೇಳಿ."

ಹೇಳಿದೆ. ಬಿಸಿಲಿನ ಮಾತಿಗೆ ಬಂದಾಗ ಅವಳು ಮಗಳ ತಲೆಯನ್ನು ಎದೆಗೆ ಒತ್ತಿಕೊಂಡಳು. ಅಂದೇ ಇಬ್ಬರೂ ರಾಮಾಪುರದ ಬಸ್ಸು ಹತ್ತಿದರು. ಅಣ್ಣ ಒಳಗೆ ಕರೆದನಂತೆ. ಊಟ ಹಾಕಿಸಿದನಂತೆ. ನಾಲ್ಕು ದಿನ ಅಲ್ಲಿದ್ದು ಬಂದಳು.

ಈಗ ಮನೆಯಲ್ಲಿ ಎರಡು ಒಲೆ. ಹುಳಕ್ಕೆ ಸೊಪ್ಪು ಹಾಕುವಾಗ ಇಬ್ಬರೂ ಒಂದೇ ಕೋಣೆಯಲ್ಲಿರುತ್ತೇವೆ. ಅವಳು ಆ ಸಾಲಿನಲ್ಲಿ, ನಾನು ಈ ಸಾಲಿನಲ್ಲಿ. ನನ್ನನ್ನು ಅಕ್ಕ ಎಂದು ಕರೆಯುವುದಿಲ್ಲ, ಏನೆಂದೂ ಕರೆಯುವುದಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೂ ಕರೆಯುತ್ತಿರಲಿಲ್ಲ.