ಅಜ್ಜನ ಹೆಸರಿನ ಚಾಕು

ಅಂಚೆ ಕಚೇರಿಯ ಗಾಸ್ಪಾರನಂಥ ಪೇಟೆ ಅಳಿಯ ಫ್ರಾನ್ಸಿನ ಓವರ್ನ್ ಸೀಮೆಯಲ್ಲಿ ಊರಿಗೊಬ್ಬನಾದರೂ ಇರುತ್ತಾನೆ. ಇಲ್ಲಿ ಊಟಕ್ಕೆ ಕೂತ ಗಂಡಸು ಜೇಬಿನಿಂದ ತನ್ನದೇ ಮಡಚುವ ಚಾಕು ತೆಗೆಯಬೇಕು. ಅಲಗು ತಲೆಮಾರುಗಳ ಹಣ್ಣು, ಮಾಂಸ ಕೊಯ್ದು ಕಪ್ಪಿಟ್ಟಿರಬೇಕು. ಗಾಸ್ಪಾರನದು ಅಂಗಡಿಯಿಂದ ಕೊಂಡದ್ದು. ಮಾವ ತನ್ನನ್ನು ಮನೆಯವನೆಂದು ಒಪ್ಪಲಿ ಎಂಬ ಆಸೆಯಿಂದ ಅವನು ಶನಿವಾರವಿಡೀ ಅಲಗು ಕಪ್ಪಾಗಿ ಹಳೆಯದರಂತೆ ಕಾಣಲೆಂದು ಅದಕ್ಕೆ ಅರೆದ ಸಾಸಿವೆ ಬಳಿಯುತ್ತಾನೆ, ವಿನೆಗರಿನಲ್ಲಿ ಅದ್ದುತ್ತಾನೆ, ಆಲೂಗಡ್ಡೆಗೆ ಚುಚ್ಚಿಟ್ಟು ಗಡಿಯಾರ ನೋಡುತ್ತಾನೆ, ಮೂಡಿದ ಬಣ್ಣ ಹಿಡಿಸದೆ ಉಜ್ಜಿ ತೆಗೆದು ಮತ್ತೆ ಶುರುಮಾಡುತ್ತಾನೆ. "ಸಾಸಿವೆ ಮತ್ತೆ ಖಾಲಿ," ಎನ್ನುತ್ತಾಳೆ ಹೆಂಡತಿ ಒದಿಲ್. "ಸುಮ್ನಿರೆ, ಚಾಕುಗೆ ವಯಸ್ಸಾಗ್ತಿದೆ," ಎನ್ನುತ್ತಾನೆ ಇವನು. ಭಾನುವಾರ ಮಾವ ಫಿರ್ಮಿನರ ಮೇಜಿನ ಮುಂದೆ ಅದನ್ನು ಬಿಚ್ಚಿ, "ನಮ್ಮಜ್ಜಂದು," ಎಂದು ಗೊಣಗುತ್ತಾನೆ. ಹನ್ನೊಂದು ವರ್ಷದಿಂದ ಮಾವ ಅಲಗನ್ನು ಮೂಸಿ, "ನಿಮ್ಮಜ್ಜ ಸಾಸಿವೆ ಭಾಳ ತಿಂತಿದ್ರು ಅಂತ ಕಾಣ್ಸತ್ತೆ ಕಣಪ್ಪ," ಎನ್ನುತ್ತ ಬಂದಿದ್ದಾರೆ. ಮನೆಯ ಯಜಮಾನ ತನ್ನ ಚಾಕು ಮಡಚಿದರೆ ಊಟ ಮುಗಿಯಿತೆಂದು ಲೆಕ್ಕ. ಅಲ್ಲಿಯವರೆಗೆ ಯಾರೂ ಏಳುವಂತಿಲ್ಲ. ಕಳೆದ ಭಾನುವಾರ ಫಿರ್ಮಿನರ ನಡುಗುವ ಬೆರಳುಗಳಿಗೆ ಚಾಕು ಮಡಚಲು ಆಗಲೇ ಇಲ್ಲ. ಎಲ್ಲರೂ ತಟ್ಟೆ ನೋಡುತ್ತ ಕೂತರು. ಕೊನೆಗೆ ಮುದುಕರು ತಮ್ಮ ಚಾಕುವನ್ನು ಪಕ್ಕಕ್ಕಿಟ್ಟು, "ಗಾಸ್ಪಾರ್, ನಿಮ್ಮಜ್ಜಂದನ್ನ ಮಡಚಪ್ಪ, ಇವರೆಲ್ಲ ಏಳ್ಲಿ," ಎಂದರು. ಗಾಸ್ಪಾರ್ ಮಡಚಿದ. ಕುರ್ಚಿಗಳು ಸರಿದವು.